ಒತ್ತೆಯಾಗಿ ಉಳಿದ ಸೈನ್ಯ: 1784ರ ಹೊನ್ನಾವರ, ಕಾರವಾರ, ಸದಾಶಿವಗಡ ತೆರವಿನ ಪ್ರಕರಣ

ಯುದ್ಧ ನಿಂತ ಮೇಲೆ ಹೊರಗಿನ ಸೈನ್ಯ ಆ ನಾಡಿನಲ್ಲಿ ಇನ್ನೂ ಇರಬಹುದೇ ಎಂಬ ಮಾತು ಬಂದರೆ ಚರ್ಚೆ ಕಾಬೂಲಿಗೋ ಜಾಫ್ನಾಕ್ಕೋ ಹೋಗುತ್ತದೆ. ಈ ಪ್ರಶ್ನೆಯ ಎಲ್ಲ ಗಂಟುಗಳೂ ಇರುವ ಪ್ರಕರಣವೊಂದು ಹೊನ್ನಾವರದಿಂದ ಕಾರವಾರದವರೆಗಿನ ಸುಮಾರು 90 ಕಿಲೋಮೀಟರ್ ಕರಾವಳಿಯಲ್ಲೇ ನಡೆದಿದೆ. 1783ರ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮುಂಬಯಿ ಸೈನ್ಯ ಇಲ್ಲಿನ ಕೋಟೆಗಳನ್ನು ಹಿಡಿಯಿತು. ಆಗಸ್ಟ್‌ನಲ್ಲಿ ಕದನವಿರಾಮವಾಯಿತು. 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಟಿಪ್ಪು ಸುಲ್ತಾನನೊಂದಿಗೆ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಪ್ರಕಾರ ಕಾವಲುಪಡೆಗಳು ಹಡಗು ಹತ್ತಿ ಮುಂಬಯಿಗೆ ಮರಳಿದವು. ಕದನ ನಿಂತದ್ದಕ್ಕೂ ಒಪ್ಪಂದವಾದದ್ದಕ್ಕೂ ನಡುವೆ ಏಳು ತಿಂಗಳಿಗೂ ಹೆಚ್ಚು ಕಾಲ. ಆ ತಿಂಗಳುಗಳಲ್ಲಿ ಏನು ಕೆಟ್ಟಿತು, ಒಪ್ಪಂದ ಅದರಲ್ಲಿ ಯಾವುದನ್ನು ಸರಿಪಡಿಸಿತು, ಯಾವುದನ್ನು ಕೈಬಿಟ್ಟಿತು ಎಂಬುದನ್ನು ಇಲ್ಲಿ ಬಿಡಿಸಿ ನೋಡಿದ್ದೇವೆ.

ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ. ಯುದ್ಧಾನಂತರ ಪರಸೈನ್ಯ ಎರಡು ರೀತಿಯಲ್ಲಿ ಉಳಿಯುತ್ತದೆ. ಒಂದು, ಒತ್ತೆಯಾಗಿ: ಇಂಥ ಕೆಲಸ ಆಗುವವರೆಗೆ ಈ ಕೋಟೆ ನಮ್ಮ ಕೈಯಲ್ಲಿ, ಕೆಲಸ ಆದ ದಿನ ನಿಮ್ಮ ಕೈಗೆ. ಇನ್ನೊಂದು, ರಕ್ಷಣೆಯ ಹೆಸರಿನಲ್ಲಿ: ನಿಮ್ಮನ್ನು ಕಾಯುತ್ತೇವೆ, ಖರ್ಚು ನಿಮ್ಮದು. ಮೊದಲನೆಯದು, ಬಿಡಿಸಿಕೊಳ್ಳುವ ಶರತ್ತು ಬರಹದಲ್ಲಿದ್ದರೆ, ಕೆಲವು ವಾರಗಳ ಮಟ್ಟಿಗೆ ಒಪ್ಪಬಹುದಾದದ್ದು. ಎರಡನೆಯದನ್ನು ಒಪ್ಪಬಾರದು. ಈ ಉತ್ತರ ಕನ್ನಡ ಜಿಲ್ಲೆಯ ಇತಿಹಾಸ ಎರಡಕ್ಕೂ ಪುರಾವೆ ಒದಗಿಸುತ್ತದೆ.

ಪ್ರಕರಣದ ಹಿನ್ನೆಲೆ

ಎರಡನೇ ಆಂಗ್ಲ-ಮೈಸೂರು ಯುದ್ಧದ ಮೊದಲ ಎರಡು ವರ್ಷ ಕದನವೆಲ್ಲ ಹೆಚ್ಚಾಗಿ ಪೂರ್ವದ ಕರ್ನಾಟಿಕ್ ಬಯಲಿನಲ್ಲಿ, ಅಂದರೆ ಇಂದಿನ ತಮಿಳುನಾಡಿನ ಕಡೆ, ನಡೆಯಿತು. 1780ರ ಸೆಪ್ಟೆಂಬರ್ 10ರಂದು ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ದಳವನ್ನು ಮೈಸೂರು ಸೈನ್ಯ ನಾಶಮಾಡಿತು. ಬದುಕುಳಿದವರು ಶ್ರೀರಂಗಪಟ್ಟಣದಲ್ಲಿ ಸೆರೆಯಾದರು. ಮೈಸೂರನ್ನು ಪಶ್ಚಿಮದಿಂದ ಚುಚ್ಚಿದರೆ ಪೂರ್ವದ ಒತ್ತಡ ಕಡಿಮೆಯಾದೀತು ಎಂಬ ಲೆಕ್ಕದಲ್ಲಿ ಮುಂಬಯಿ ಸರಕಾರ ಜನರಲ್ ಮ್ಯಾಥ್ಯೂಸ್‌ನನ್ನು ಈ ಕರಾವಳಿಗೆ ಕಳಿಸಿತು. 1782ರ ಡಿಸೆಂಬರ್ 7ರಂದು ಹೈದರ್ ಅಲಿ ತೀರಿಕೊಂಡಿದ್ದ. ಅವನ ಮಗ ಟಿಪ್ಪು ದೂರದಲ್ಲಿದ್ದ. 1783ರ ಜನವರಿಯಲ್ಲಿ ಹೊನ್ನಾವರ ಬಿತ್ತು, ಕಾಳಿ ನದಿಯ ಬಾಯಲ್ಲಿರುವ ಕಾರವಾರ, ಸದಾಶಿವಗಡಗಳೂ ಕಂಪನಿಯ ಕೈಸೇರಿದವು. ಮ್ಯಾಥ್ಯೂಸ್ ಹೊಸಂಗಡಿ ಘಟ್ಟ ಹತ್ತಿ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ ಹೋದ. ಮಾರ್ಚ್‌ನಲ್ಲಿ ಮಂಗಳೂರೂ ಅವನದಾಯಿತು.

ಮೇಲೆ ಹೋದಷ್ಟೇ ವೇಗದಲ್ಲಿ ಕೆಳಗೂ ಬಿತ್ತು. ಟಿಪ್ಪು ಏಪ್ರಿಲ್‌ನಲ್ಲಿ ಬಿದನೂರನ್ನು ಸುತ್ತುಗಟ್ಟಿದ. ತಿಂಗಳ ಕೊನೆಯಲ್ಲಿ ಮ್ಯಾಥ್ಯೂಸ್ ಶರಣಾದ. ಖಾಸಗಿ ಸೊತ್ತಿನೊಂದಿಗೆ ಕರಾವಳಿಗೆ ಇಳಿಯಬಹುದು, ಬೊಕ್ಕಸ ಬಿಟ್ಟುಹೋಗಬೇಕು ಎಂಬುದು ಶರತ್ತು. ಬೊಕ್ಕಸ ಬರಿದಾಗಿದ್ದು ಕಂಡ ಟಿಪ್ಪು, ಶರತ್ತು ಮುರಿದಿರೆಂದು ಎಲ್ಲರನ್ನೂ ಸೆರೆಹಿಡಿಸಿದ. ಮ್ಯಾಥ್ಯೂಸ್ ಸೆರೆಯಲ್ಲೇ ಸತ್ತ. ಮೇ ತಿಂಗಳಲ್ಲಿ ಮಂಗಳೂರಿಗೂ ಹೊನ್ನಾವರಕ್ಕೂ ಮುತ್ತಿಗೆ ಬಿತ್ತು. ಮಂಗಳೂರಿನಲ್ಲಿ ಕರ್ನಲ್ ಕ್ಯಾಂಪ್‌ಬೆಲ್, ಹೊನ್ನಾವರದಲ್ಲಿ ಕ್ಯಾಪ್ಟನ್ ಟೊರಿಯಾನೊ ಕಾವಲಿನ ಮುಖ್ಯಸ್ಥರು.

ಈ ಪಡೆಗಳನ್ನು ಪರಸೈನ್ಯ ಎನ್ನುವುದು ಸರಿಯೇ ಎಂದು ಕೇಳುವವರಿದ್ದಾರೆ, ಏಕೆಂದರೆ ಅವುಗಳಲ್ಲಿ ಬಹುಪಾಲು ಸಿಪಾಯಿಗಳು ಭಾರತದವರೇ. ಸೈನಿಕನ ಊರು ಇಲ್ಲಿ ಮುಖ್ಯವಲ್ಲ. ಆಜ್ಞೆ ಎಲ್ಲಿಂದ ಬರುತ್ತದೆ, ಸಂಬಳ ಯಾರು ಕೊಡುತ್ತಾರೆ, ಹಿಂದಿರುಗಲು ಯಾರ ಹಡಗು ಎಂಬ ಮೂರರಿಂದ ಅದು ತೀರ್ಮಾನವಾಗುತ್ತದೆ. ಮೂರಕ್ಕೂ ಉತ್ತರ ಮುಂಬಯಿ.

ಕದನವಿರಾಮದಲ್ಲಿ ಸತ್ತವರು

ಯುರೋಪಿನಲ್ಲಿ ಫ್ರಾನ್ಸ್ ಮತ್ತು ಇಂಗ್ಲೆಂಡ್ ರಾಜಿಯಾದ ಸುದ್ದಿ 1783ರ ಮಧ್ಯಭಾಗದಲ್ಲಿ ಇಲ್ಲಿಗೆ ತಲುಪಿತು. ಟಿಪ್ಪುವಿನ ಜೊತೆಗಿದ್ದ ಫ್ರೆಂಚ್ ದಳ ಮಂಗಳೂರಿನ ಮುತ್ತಿಗೆಯಿಂದ ಹಿಂದೆ ಸರಿಯಿತು. ಆಗಸ್ಟ್ 2ರಂದು ಕದನವಿರಾಮ. ತೋಪುಗಳು ನಿಂತವು, ಮುತ್ತಿಗೆ ನಿಲ್ಲಲಿಲ್ಲ. ಕೋಟೆಯೊಳಗಿನವರು ಒಳಗೇ, ಹೊರಗಿನವರು ಹೊರಗೇ, ಒಳಗಿನವರ ಊಟ ಹೊರಗಿನವರ ಕೈಯಲ್ಲಿ.

ಇಲ್ಲಿ ಕರಾವಳಿಯ ಕಾಲಮಾನವನ್ನು ಗಮನಿಸಬೇಕು. ಜೂನ್ ಮೊದಲ ವಾರದಿಂದ ಪಡುವಣ ಗಾಳಿ ಬೀಸತೊಡಗಿದರೆ ಸೆಪ್ಟೆಂಬರ್‌ವರೆಗೆ ಹಾಯಿಹಡಗುಗಳಿಗೆ ಈ ದಡ ಮುಚ್ಚಿದಂತೆಯೇ. ಆಗಸ್ಟ್‌ನಲ್ಲಿ ಆದ ವಿರಾಮ ಎಂದರೆ ಸಮುದ್ರದಿಂದ ಒಂದು ಮೂಟೆ ಅಕ್ಕಿಯೂ ಬರಲಾಗದ ಹೊತ್ತಿನ ವಿರಾಮ. ಸಮುದ್ರ ತೆರೆದ ಮೇಲೂ ಹೊನ್ನಾವರದಲ್ಲಿ ದೊಡ್ಡ ಹಡಗು ಶರಾವತಿಯ ಅಳಿವೆಯ ಹೊರಗೇ ಲಂಗರು ಹಾಕಬೇಕು. ಸಾಮಾನು ದೋಣಿಗಳಿಗೆ ಇಳಿಸಿ, ಮರಳದಂಡೆಯ ಮೇಲಿನ ಆಳ ಕಡಿಮೆಯ ನೀರಿನಲ್ಲಿ ಭರತ ನೋಡಿ ಒಳಗೆ ತರಬೇಕು. ಅಳಿವೆಯ ಎರಡು ದಡಗಳಲ್ಲಿ ಯಾರ ತೋಪಿದೆಯೋ ಕೋಟೆಯ ಅಡುಗೆಮನೆ ಅವರ ಹಿಡಿತದಲ್ಲಿ. ಕಾರವಾರದ ಸ್ಥಿತಿ ಸ್ವಲ್ಪ ವಾಸಿ: ಕೂರ್ಮಗಡ, ದೇವಗಡ, ಅಂಜದೀವ ದ್ವೀಪಗಳ ಆಸರೆಯ ಕೊಲ್ಲಿ ಅದು. ಆದರೂ ಮಳೆಗಾಲದಲ್ಲಿ ಮುಂಬಯಿಯಿಂದ ಅಲ್ಲಿಗೆ ಹಡಗು ಬರುವ ದಾರಿಯೇ ಇರಲಿಲ್ಲ.

ಅಕ್ಕಿಯ ಲೆಕ್ಕ ಹಾಕಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. ಇದು ದಾಖಲೆಯ ಅಂಕಿಯಲ್ಲ, ಅಳತೆ ತಿಳಿಯಲು ನಾವು ಹಾಕಿದ ಅಂದಾಜು. ಕೋಟೆಯೊಂದರಲ್ಲಿ 600 ಬಾಯಿಗಳಿವೆ ಎನ್ನಿ. ತಲಾ ದಿನಕ್ಕೆ ಮುಕ್ಕಾಲು ಕಿಲೋ ಅಕ್ಕಿ ಎಂದರೆ ದಿನಕ್ಕೆ 450 ಕಿಲೋ, ತಿಂಗಳಿಗೆ 13.5 ಟನ್, ಮಳೆಗಾಲದ 120 ದಿನಕ್ಕೆ 54 ಟನ್. ಉಪ್ಪು, ಬೇಳೆ, ಸೌದೆ, ಎಣ್ಣೆ ಬೇರೆ. ಇಷ್ಟನ್ನು ತೇವ ತಾಗದಂತೆ, ಹುಳ ಹಿಡಿಯದಂತೆ ಇಡಬಲ್ಲ ಉಗ್ರಾಣವೂ ಬೇಕು. ಸೈನ್ಯ ಉಳಿಯಲಿ ಎಂದು ಒಪ್ಪಂದದಲ್ಲಿ ಒಂದು ಸಾಲು ಬರೆಯುವವನು ಈ 54 ಟನ್ನನ್ನೂ ಬರೆಯಬೇಕು. ಎಲ್ಲಿಂದ, ಯಾರ ಬಂಡಿಯಲ್ಲಿ, ಯಾವ ದರಕ್ಕೆ, ವಾರಕ್ಕೆ ಎಷ್ಟು ಸಲ.

ವಿರಾಮದ ಶರತ್ತಿನಲ್ಲಿ ಮಂಗಳೂರಿನ ಕಾವಲುಪಡೆ ಕೋಟೆಯ ಹೊರಗಿನ ಬಜಾರಿನಿಂದ ಆಹಾರ ಕೊಳ್ಳಬಹುದೆಂದು ಇತ್ತು. ದರವನ್ನು ಶರತ್ತು ಕಟ್ಟಿಹಾಕಿರಲಿಲ್ಲ. ಬೆಲೆ ಏರುತ್ತ ಹೋಯಿತು, ಸರಕು ಕೆಡುತ್ತ ಹೋಯಿತು, ಕೊನೆಗೆ ಬಜಾರೇ ಬರಿದಾಯಿತು. ಸುಮಾರು ಮೂರೂವರೆ ಸಾವಿರ ಮಂದಿಯಿಂದ ಆರಂಭವಾದ ಆ ಕೋಟೆಯಲ್ಲಿ ಸ್ಕರ್ವಿ ಹರಡಿತು. ಒಸಡು ಕೊಳೆತು, ಹಳೆಯ ಗಾಯ ಮತ್ತೆ ಬಿರಿದು, ನಿಲ್ಲಲಾರದಂತೆ ಮಾಡುವ ರೋಗವಿದು. ಅದಕ್ಕೆ ಬೇಕಾದದ್ದು ನಿಂಬೆ, ನೆಲ್ಲಿಕಾಯಿ, ಹಸಿ ಸೊಪ್ಪು. ಕೋಟೆಗೋಡೆಯ ಆಚೆ ಪ್ರತಿ ಹಿತ್ತಲಲ್ಲೂ ಇದ್ದ ವಸ್ತುಗಳು. ನಿಂಬೆ, ಕಿತ್ತಳೆಯಿಂದ ಸ್ಕರ್ವಿ ವಾಸಿಯಾಗುತ್ತದೆಂದು ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ 1747ರಲ್ಲೇ ತೋರಿಸಿದ್ದ. ಬ್ರಿಟಿಷ್ ನೌಕಾಪಡೆ ಅದನ್ನು ನಿಯಮವಾಗಿ ತಂದದ್ದು 1795ರಲ್ಲಿ. 1784ರ ಜನವರಿ 30ರಂದು ಕ್ಯಾಂಪ್‌ಬೆಲ್ ಕೋಟೆ ಬಿಟ್ಟುಕೊಟ್ಟು ಉಳಿದವರೊಂದಿಗೆ ಹೊರಟ. ಎರಡು ತಿಂಗಳೊಳಗೆ ಮುಂಬಯಿಯಲ್ಲಿ ತೀರಿಕೊಂಡ. ಹೊನ್ನಾವರದಲ್ಲೂ ವಿರಾಮದ ಹೆಸರಿನಲ್ಲಿ ದಿಗ್ಬಂಧನವೇ ಮುಂದುವರಿದು ಹಸಿವು, ರೋಗ, ಪಲಾಯನ ಮೂರೂ ಕಾಡಿದವು. ಟೊರಿಯಾನೊ ಮಾತ್ರ ಕೋಟೆ ಬಿಡದೆ ಒಪ್ಪಂದದವರೆಗೆ ಹಿಡಿದು ನಿಂತ.

ವಿರಾಮವನ್ನು ಎರಡೂ ಪಕ್ಷಗಳು ತಮಗೆ ಬೇಕಾದಂತೆ ಓದಿಕೊಂಡವು. ಟಿಪ್ಪು ಅನ್ನ ತಡೆದ. ಅತ್ತ ಕಂಪನಿಯ ಜನರಲ್ ಮ್ಯಾಕ್ಲಿಯೋಡ್ ಡಿಸೆಂಬರ್‌ನಲ್ಲಿ ಕಣ್ಣಾನೂರಿನ ಮೇಲೆ ಬಿದ್ದು ಅಲ್ಲಿನ ರಾಣಿ ಬೀಬಿಯ ಕೋಟೆ ಹಿಡಿದ. ಕರ್ನಲ್ ಫುಲ್ಲರ್ಟನ್ ದಕ್ಷಿಣದಲ್ಲಿ ನವೆಂಬರ್ ಹೊತ್ತಿಗೆ ಪಾಲ್ಘಾಟ್, ಕೊಯಮತ್ತೂರುಗಳನ್ನು ವಶಪಡಿಸಿಕೊಂಡಿದ್ದ. ಸೈನ್ಯ ಎಲ್ಲಿತ್ತೋ ಅಲ್ಲೇ ಇರಲಿ ಎಂಬ ಮಾತಿಗೆ ನಕಾಶೆಯ ಮೇಲೆ ಗೆರೆ ಎಳೆಯದಿದ್ದರೆ ಹೀಗೇ ಆಗುತ್ತದೆ.

ಮೂರನೇ ಕಲಮು ಕೆಲಸ ಮಾಡಿದ ಬಗೆ

ಮದರಾಸಿನ ಗವರ್ನರ್ ಮೆಕಾರ್ಟ್ನಿ ಕಳಿಸಿದ ಮೂವರು ಪ್ರತಿನಿಧಿಗಳು ಸ್ಯಾಡ್ಲಿಯರ್, ಸ್ಟಾಂಟನ್ ಮತ್ತು ಹಡಲ್‌ಸ್ಟನ್. ಅವರೂ ಟಿಪ್ಪುವೂ ಒಪ್ಪಿದ ಪತ್ರದ ಎರಡು, ಮೂರು, ನಾಲ್ಕನೇ ಕಲಮುಗಳನ್ನು ಒಟ್ಟಿಗೆ ಓದಬೇಕು.

ಎರಡನೆಯದರ ಪ್ರಕಾರ ಟಿಪ್ಪು ಸಹಿಯಾದ 30 ದಿನಗಳಲ್ಲಿ ಕರ್ನಾಟಿಕ್ ಪ್ರದೇಶದಿಂದ ಸೈನ್ಯ ತೆಗೆಯಬೇಕು. ಅದೇ 30 ದಿನಗಳಲ್ಲಿ ಬದುಕಿರುವ ಎಲ್ಲ ಸೆರೆಯಾಳುಗಳನ್ನು ಹತ್ತಿರದ ಇಂಗ್ಲಿಷ್ ಕೋಟೆಗೆ ತಲುಪಿಸಬೇಕು. ದಾರಿಯ ಊಟ, ವಾಹನ ಟಿಪ್ಪುವಿನದು, ಖರ್ಚು ಕಂಪನಿ ತುಂಬಿಕೊಡಬೇಕು. ಆಂಬೂರು, ಸಾತ್‌ಗಡ ಎಂಬ ಎರಡು ಕೋಟೆ ಮಾತ್ರ ಸದ್ಯಕ್ಕೆ ಅವನ ಕೈಯಲ್ಲಿರಬಹುದು.

ಮೂರನೆಯದು ನಮ್ಮ ಕರಾವಳಿಯದು. ಸಹಿಯಾದ ಕೂಡಲೇ ಹೊನ್ನಾವರ, ಕಾರವಾರ, ಸದಾಶಿವಗಡ ಮತ್ತು ಅಕ್ಕಪಕ್ಕದ ಕೋಟೆಗಳನ್ನು ಒಪ್ಪಿಸಲು ಪ್ರತಿನಿಧಿಗಳು ಲಿಖಿತ ಆದೇಶ ಕೊಡಬೇಕು, ಕಾವಲುಪಡೆ ಒಯ್ಯಲು ಹಡಗು ಕಳಿಸಬೇಕು. ಮುಂಬಯಿಯವರೆಗಿನ ಪ್ರಯಾಣಕ್ಕೆ ಬೇಕಾದ ಆಹಾರ, ನೆರವನ್ನು ಟಿಪ್ಪು ಒದಗಿಸಬೇಕು. ಪಡೆಗಳು ಹಣ ಕೊಟ್ಟು ಕೊಳ್ಳಬೇಕು. ಒಳನಾಡಿನ ಕರೂರು, ಅರವಕುರಿಚ್ಚಿ, ಧಾರಾಪುರಗಳನ್ನೂ ಆಗಲೇ ಬಿಡಬೇಕು. ದಿಂಡಿಗಲ್ ಕೋಟೆ ಮಾತ್ರ ಸೆರೆಯಾಳುಗಳೆಲ್ಲ ತಲುಪಿದ ಮೇಲೆ. ಅದಾದ ನಂತರ ಕಂಪನಿಯ ಯಾವ ಪಡೆಯೂ ಟಿಪ್ಪುವಿನ ನಾಡಿನಲ್ಲಿ ಉಳಿಯಕೂಡದು.

ನಾಲ್ಕನೆಯದರಂತೆ ಕಣ್ಣಾನೂರು ಕೂಡ ಸೆರೆಯಾಳುಗಳು ಬಂದ ಮೇಲೆ ಬೀಬಿಗೆ ಹಿಂತಿರುಗುತ್ತದೆ. ಹಸ್ತಾಂತರ ನೋಡಲು ಟಿಪ್ಪು ಒಬ್ಬನೇ ಒಬ್ಬ ವ್ಯಕ್ತಿಯನ್ನು, ಸೈನ್ಯವಿಲ್ಲದೆ, ಕಳಿಸಬಹುದು. ಕಣ್ಣಾನೂರು, ದಿಂಡಿಗಲ್ ತೆರವಿನ ಆದೇಶ ಹೊರಡುವ ಹೊತ್ತಿಗೇ ಆಂಬೂರು, ಸಾತ್‌ಗಡ ತೆರವಿನ ಆದೇಶವೂ ಹೊರಡಬೇಕು.

ಇದರ ಕೌಶಲ ಕಡೆಗಣಿಸುವಂಥದ್ದಲ್ಲ. ಎರಡೂ ಕಡೆ ತಲಾ ಎರಡು ಕೋಟೆ ಒತ್ತೆಯಾಗಿ ಉಳಿದಿವೆ. ಬಿಡಿಸಿಕೊಳ್ಳುವ ಶರತ್ತು ಎರಡಕ್ಕೂ ಒಂದೇ. ಆದೇಶಗಳು ಒಂದೇ ಹೊತ್ತಿಗೆ ಹೊರಡಬೇಕಾದ್ದರಿಂದ ನೀನು ಮೊದಲು, ನಾನು ಆಮೇಲೆ ಎಂಬ ಜಗಳಕ್ಕೆ ಜಾಗ ಕಡಿಮೆ. ಯಾರ ಖರ್ಚಿನಲ್ಲಿ ಯಾರು ಉಣ್ಣಬೇಕು ಎಂಬುದೂ ಬರಹದಲ್ಲಿದೆ. ಆಗಸ್ಟ್‌ನ ವಿರಾಮದಲ್ಲಿ ಇಲ್ಲದ್ದು ಇದೇ.

ಹೊನ್ನಾವರ, ಕಾರವಾರಗಳನ್ನು ಏಕೆ ಮೊದಲೇ ಬಿಟ್ಟು, ದಿಂಡಿಗಲ್ಲನ್ನು ಏಕೆ ಹಿಡಿದಿಟ್ಟುಕೊಂಡರು? ನಮ್ಮ ಓದು ಹೀಗೆ. ದಿಂಡಿಗಲ್‌ಗೆ ಕಂಪನಿಯ ಹಿಡಿತದ ಮದುರೆ ಕಡೆಯಿಂದ ನೆಲದ ದಾರಿಯಿದೆ. ವರ್ಷವಿಡೀ ಅಕ್ಕಿ, ಮದ್ದು, ಬದಲಿ ಸೈನಿಕರನ್ನು ಕಳಿಸಬಹುದು. ನಮ್ಮ ಮೂರು ಕೋಟೆಗಳಿಗೆ ಸಮುದ್ರವೊಂದೇ ದಾರಿ. ಸಹಿಯಾದದ್ದು ಮಾರ್ಚ್ 11ರಂದು. 30 ದಿನ ಮುಗಿದರೆ ಏಪ್ರಿಲ್ ನಡುವಿಗೆ ಹತ್ತಿರ. ಮೇ ಕೊನೆಗೆ ಸಮುದ್ರ ಮತ್ತೆ ಮುಚ್ಚುತ್ತದೆ. ಸೆರೆಯಾಳುಗಳ ಬಿಡುಗಡೆ ಒಂದೆರಡು ತಿಂಗಳು ತಡವಾದರೆ ಒತ್ತೆಯ ಕೋಟೆಯೇ ಇನ್ನೊಂದು ಮಳೆಗಾಲದ ಸೆರೆಮನೆಯಾಗುತ್ತಿತ್ತು. ತಾನೇ ಹಸಿದಿರುವ ಕಾವಲುಪಡೆ ಎದುರಾಳಿಗೆ ಒತ್ತಡ ಹಾಕಲಾರದು, ತನ್ನ ಸರಕಾರಕ್ಕೇ ಒತ್ತಡವಾಗುತ್ತದೆ. ಹೊನ್ನಾವರದ ಏಳು ತಿಂಗಳು ಮಂಗಳೂರಿನ ಮೇಜಿನ ಮೇಲೆ ಕಂಪನಿಯ ಪ್ರತಿನಿಧಿಗಳನ್ನು ಅವಸರಕ್ಕೆ ದೂಡಿದ್ದು ಹೀಗೆಯೇ.

ಅವಸರದ ಇನ್ನೊಂದು ಗುರುತು ಪಾಲ್ಘಾಟ್. ಫುಲ್ಲರ್ಟನ್ ಹಿಡಿದಿದ್ದ ಆ ಬಲವಾದ ಕೋಟೆಯನ್ನು ಮಾತುಕತೆ ಮುಗಿಯುವ ಮೊದಲೇ ಬಿಡಲು ಅವನಿಗೆ ಆದೇಶ ಹೋಯಿತು; ತಡೆಯುವ ಆದೇಶ ತಲುಪುವಷ್ಟರಲ್ಲಿ ಅವನು ಬಿಟ್ಟಾಗಿತ್ತು. ಗವರ್ನರ್ ಜನರಲ್ ವಾರನ್ ಹೇಸ್ಟಿಂಗ್ಸ್ ಒಪ್ಪಂದವನ್ನು ಅವಮಾನಕರ ಎಂದು ಕಂಡದ್ದಕ್ಕೆ ಇಂಥವೂ ಕಾರಣ. ಅವನ ಸಿಟ್ಟು ಕಂಪನಿಯ ಮಾನದ ಬಗ್ಗೆ. ಆ ಅಳತೆಗೋಲನ್ನು ನಾವು ಬಳಸುವುದಿಲ್ಲ. ಮೂರು ಕೋಟೆಗಳು ತೆರವಾದವು, ಪಡೆಗಳು ಜೀವಸಹಿತ ಹೊರಟವು, ನಾಡಿನಲ್ಲಿ ಪರಸೈನ್ಯ ಉಳಿಯಲಿಲ್ಲ. ಆ ಮಟ್ಟಿಗೆ ಮೂರನೇ ಕಲಮು ಹೇಳಿದ್ದನ್ನು ಮಾಡಿತು.

ತಪ್ಪಿದ ಎರಡು ಜಾಗ

ಮೊದಲನೆಯದು ಪಟ್ಟಿ. ಬದುಕಿರುವ ಎಲ್ಲ ಸೆರೆಯಾಳುಗಳು ಎಂದು ಬರೆದರೇ ಹೊರತು ಯಾರು, ಎಷ್ಟು ಮಂದಿ, ಎಲ್ಲಿದ್ದಾರೆ ಎಂಬ ಪಟ್ಟಿಯನ್ನು ಒಪ್ಪಂದಕ್ಕೆ ಲಗತ್ತಿಸಲಿಲ್ಲ. ಬದುಕಿರುವ ಎಂಬ ಶಬ್ದದಿಂದ ಸತ್ತವರ ಲೆಕ್ಕ ಕೊಡುವ ಹೊಣೆಯೂ ತಪ್ಪಿತು. ನೂರಾರು ಯುರೋಪಿಯನ್ನರು, ಅದಕ್ಕಿಂತ ಹೆಚ್ಚು ಸಿಪಾಯಿಗಳು ಬಿಡುಗಡೆಯಾದರು, ನಿಜ. ಪೊಲ್ಲಿಲೂರಿನಲ್ಲಿ ಸಿಕ್ಕಿದ್ದ ಡೇವಿಡ್ ಬೇರ್ಡ್ ಅವರಲ್ಲೊಬ್ಬ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆಗೆ ನುಗ್ಗಿದ ದಳದ ನಾಯಕ ಅವನೇ. ಆದರೆ ಫ್ರೆಂಚ್ ನೌಕಾಧಿಪತಿ ಸಫ್ರೆನ್ 1782ರಲ್ಲಿ ಹೈದರನಿಗೆ ಒಪ್ಪಿಸಿದ್ದ ಸೆರೆಯಾಳುಗಳಲ್ಲಿ ಎಳೆಯ ಹುಡುಗರೂ ಇದ್ದರು. ಮತಾಂತರಿಸಿ ಪಡೆಗಳಿಗೆ ಸೇರಿಸಲಾಗಿದ್ದ ಅವರಲ್ಲಿ ಕೆಲವರು ಬಿಡುಗಡೆಯಾಗದೆ ಉಳಿದರು. ಜೇಮ್ಸ್ ಸ್ಕರಿ ಎಂಬವನು ಸೆರೆಯಾದ ಸುಮಾರು ಹತ್ತು ವರ್ಷಗಳ ನಂತರ ತಪ್ಪಿಸಿಕೊಂಡು ಹೊರಬಂದ. ಪಟ್ಟಿ ಇಲ್ಲದಿದ್ದಾಗ ಎಲ್ಲರೂ ಬಂದರು ಎಂದು ಘೋಷಿಸುವುದು ಯಾರು? ಒತ್ತೆಯನ್ನು ಬಿಡಿಸಿಕೊಂಡ ಮೇಲೆ ಕೇಳುವ ಬಲವೂ ಇರುವುದಿಲ್ಲ. 1949ರ ಮೂರನೇ ಜಿನೀವಾ ಒಡಂಬಡಿಕೆ ಈ ಎರಡೂ ದೋಷಗಳಿಗೆ ಉತ್ತರ ಕೊಟ್ಟಿದೆ: 118ನೇ ಕಲಮಿನಂತೆ ಕದನ ನಿಂತೊಡನೆ ಸೆರೆಯಾಳುಗಳನ್ನು ತಡಮಾಡದೆ ಬಿಡಬೇಕು, 122ನೇ ಕಲಮಿನಂತೆ ಯುದ್ಧದ ಆರಂಭದಲ್ಲೇ ಪ್ರತಿ ಪಕ್ಷವೂ ಸೆರೆಯಾಳುಗಳ ಮಾಹಿತಿ ಕಚೇರಿ ತೆರೆಯಬೇಕು. ಹಾಗಾಗಿ ಇಂದು ಸೆರೆಯಾಳು ಬಂದ ಮೇಲೆ ಸೈನ್ಯ ತೆಗೆಯುತ್ತೇವೆ ಎಂಬ ಚೌಕಾಸಿಗೆ ಕಾನೂನಿನ ನೆಲೆಯಿಲ್ಲ. ಒತ್ತೆಗೆ ಬೇರೆ ಶರತ್ತು ಹುಡುಕಬೇಕು: ನೆಲಬಾಂಬು ತೆಗೆದದ್ದು, ಭಾರಿ ತೋಪುಗಳನ್ನು ಹಿಂದಕ್ಕೆ ಒಯ್ದದ್ದು, ನಿರಾಶ್ರಿತರು ಮನೆಗೆ ಮರಳಿದ್ದು, ಹೀಗೆ ಮೂರನೆಯವರು ಹೋಗಿ ಎಣಿಸಬಲ್ಲ ಕೆಲಸಗಳು.

ಎರಡನೆಯ ತಪ್ಪು ಹೆಚ್ಚು ನೋವಿನದು. ಪರಸೈನ್ಯ ಒಂದು ವರ್ಷ ಇದ್ದ ಜಾಗದಲ್ಲಿ ಅದಕ್ಕೆ ಹಾಲು ಮಾರಿದವರು, ದೋಣಿ ಬಾಡಿಗೆಗೆ ಕೊಟ್ಟವರು, ದುಭಾಷಿಯಾದವರು, ಬಲವಂತಕ್ಕೆ ಹೊರೆ ಹೊತ್ತವರು ಇದ್ದೇ ಇರುತ್ತಾರೆ. ಒಪ್ಪಂದದ ಏಳನೇ ಕಲಮಿನಲ್ಲಿ, ಇಂಗ್ಲಿಷರ ಪರ ನಿಂತ ಈ ಕರಾವಳಿಯ ರಾಜರು ಮತ್ತು ಜಮೀನುದಾರರಿಗೆ ಆ ಕಾರಣಕ್ಕೆ ತೊಂದರೆ ಕೊಡುವುದಿಲ್ಲ ಎಂಬ ಮಾತು ಸೇರಿತು. ರಾಜರು, ಜಮೀನುದಾರರು. ಜನಸಾಮಾನ್ಯರ ಹೆಸರೇ ಇಲ್ಲ. ಇತ್ತ 1784ರ ಫೆಬ್ರುವರಿಯಿಂದಲೇ ಕೆನರಾ ಕರಾವಳಿಯ ಕ್ರೈಸ್ತರನ್ನು, ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ, ಸಾವಿರಗಟ್ಟಲೆ ಶ್ರೀರಂಗಪಟ್ಟಣದ ಕಡೆಗೆ ಸಾಗಿಸಲಾಯಿತು. ಎಷ್ಟು ಸಾವಿರ ಎಂಬುದರಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಬಹಳ ಮಂದಿ ಮರಳಲಿಲ್ಲ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹಾಗಾದರೆ ಸೈನ್ಯ ಉಳಿಯಬೇಕಿತ್ತೇ? ಇಲ್ಲ. ಹೊನ್ನಾವರದ ಹಸಿದ ಪಡೆ ತನ್ನನ್ನೇ ಕಾಯಲಾರದೆ ಇತ್ತು, ಊರನ್ನು ಕಾಯುವ ಮಾತೆಲ್ಲಿ. ಬೇಕಿದ್ದದ್ದು ಎಲ್ಲ ಪ್ರಜೆಗಳಿಗೂ ಅನ್ವಯಿಸುವ ಕ್ಷಮಾದಾನದ ಸಾಲು, ಹೊರಡಬಯಸುವವರಿಗೆ ಅದೇ ಹಡಗಿನಲ್ಲಿ ಜಾಗ, ಮತ್ತು ಕಣ್ಣಾನೂರಿನ ಹಸ್ತಾಂತರಕ್ಕೆ ಒಪ್ಪಿದಂತೆ ಆಯುಧವಿಲ್ಲದ ಸಾಕ್ಷಿಗಳು.

ರಕ್ಷಣೆಗೆಂದು ಉಳಿದವರು: ಸೋದೆ ಮತ್ತು ಮೈಸೂರು

ಒತ್ತೆಯ ಸೈನ್ಯ ಕದನ ನಿಂತ ಒಂದು ವರ್ಷದೊಳಗೆ ಹೋಯಿತು. ರಕ್ಷಣೆಯ ಸೈನ್ಯದ ಕಥೆ ಬೇರೆ.

ಶಿರಸಿ ಬಳಿಯ ಸೋದೆಯ ಅರಸರ ರಾಜ್ಯ ಘಟ್ಟದ ಕೆಳಗೂ ಹರಡಿತ್ತು. ಸದಾಶಿವಗಡ ಕಟ್ಟಿಸಿದವರೇ ಅವರು. 1763ರಲ್ಲಿ ಬಿದನೂರಿನ ಬಳಿಕ ಸೋದೆಯೂ ಹೈದರನ ವಶವಾದಾಗ ಅರಸ ಗೋವೆಗೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಹೈದರನ ಕೈಗೆ ಹೋಗದಿರಲಿ ಎಂದು ಫೋಂಡಾ, ಕಾಣಕೋಣ, ಕಾಬೊ ದ ರಾಮ ಕೋಟೆಗಳ ಸೀಮೆಯನ್ನು ಪೋರ್ಚುಗೀಸರು ಕಾಯುವುದಕ್ಕೆ ವಹಿಸಿಕೊಂಡರು. ಎಂದು ಹಿಂತಿರುಗಿಸಬೇಕು, ಯಾವ ಕೆಲಸ ಆದ ಮೇಲೆ ಬಿಡಬೇಕು ಎಂಬ ಕಟ್ಟುಪಾಡು ಅರಸನ ಕೈಯಲ್ಲಿ ಉಳಿಯಲಿಲ್ಲ. 1791ರಲ್ಲಿ ಆ ಸೀಮೆ ಕರಾರಿನ ಮೂಲಕ ಪೋರ್ಚುಗೀಸರದೇ ಆಯಿತು. ಅರಸುಮನೆತನ ಗೋವೆಯ ಬಾಂದೋಡೆಯಲ್ಲಿ ಪಿಂಚಣಿದಾರರಾಗಿ ಉಳಿಯಿತು. ಕಾಣಕೋಣದಿಂದ ಪೋರ್ಚುಗೀಸ್ ಸೈನಿಕ ಹೊರಟದ್ದು 1961ರ ಡಿಸೆಂಬರ್‌ನಲ್ಲಿ, ಭಾರತದ ಸೈನ್ಯ ಬಂದ ಮೇಲೆ. ಕಾರವಾರದ ಕಣ್ಣೆದುರಿನ ಅಂಜದೀವ ದ್ವೀಪವನ್ನು ಅವರಿಂದ ಬಿಡಿಸುವಾಗ ನಮ್ಮ ನೌಕಾಪಡೆಯ 7 ಮಂದಿ ಪ್ರಾಣ ಕೊಟ್ಟರು. 1763ರ ರಕ್ಷಣೆ ಮುಗಿಯಲು ಸುಮಾರು ಎರಡು ಶತಮಾನ ಹಿಡಿಯಿತು.

ಮೈಸೂರಿನದು ಇನ್ನೂ ಸ್ಪಷ್ಟ. ಟಿಪ್ಪು ಸತ್ತ ಬಳಿಕ 1799ರ ಜುಲೈ 8ರ ಸಹಾಯಕ ಸೈನ್ಯದ ಒಪ್ಪಂದದಲ್ಲಿ, ಮೈಸೂರನ್ನು ಕಾಯಲು ಕಂಪನಿಯ ಸೈನ್ಯ ಇರುತ್ತದೆ, ಅದಕ್ಕೆ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕೊಡಬೇಕು ಎಂದು ಬರೆಯಲಾಯಿತು, ರೂಪಾಯಿಯಲ್ಲಿ 24.5 ಲಕ್ಷ. ಕೊಡುವುದು ತಪ್ಪುವ ಭಯ ಕಂಡರೆ ಆಡಳಿತವನ್ನೇ ವಹಿಸಿಕೊಳ್ಳುವ ಹಕ್ಕನ್ನೂ ಕಂಪನಿ ಅದರಲ್ಲಿ ಸೇರಿಸಿತು. 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಆಡಳಿತ ಕಿತ್ತುಕೊಂಡದ್ದಕ್ಕೆ ಆಧಾರವಾದದ್ದು ಇದೇ. 1881ರಲ್ಲಿ ರಾಜ್ಯ ಮರಳಿತು, ಸೈನ್ಯ ಮರಳಲಿಲ್ಲ. ಕಪ್ಪವನ್ನು 35 ಲಕ್ಷಕ್ಕೆ ಏರಿಸುವ ಕರಾರೂ ಜೊತೆಗೇ ಬಂತು. 1809ರಲ್ಲಿ ಶ್ರೀರಂಗಪಟ್ಟಣದ ಜ್ವರಕ್ಕೆ ಹೆದರಿ ಬೆಂಗಳೂರಿಗೆ ಬಂದ ಆ ದಂಡು ನೆಲೆಸಿದ ಪ್ರದೇಶ ಮೈಸೂರಿಗೆ ವಾಪಸಾದದ್ದು 1947ರಲ್ಲಿ. ಕೆನರಾ ಕರಾವಳಿಯನ್ನಂತೂ 1799ರಲ್ಲೇ ಕಂಪನಿ ನೇರವಾಗಿ ನುಂಗಿತು; ಥಾಮಸ್ ಮನ್ರೊ ಅದರ ಮೊದಲ ಕಲೆಕ್ಟರ್. 1784ರಲ್ಲಿ ಕಾರವಾರ ಬಿಟ್ಟುಹೋದವರು 15 ವರ್ಷಕ್ಕೆ ಮತ್ತೆ ಬಂದರು, ಈ ಸಲ ಹೋಗಲು ದಿನಾಂಕವಿಲ್ಲದೆ.

ಖರ್ಚನ್ನು ಯಾರು ಕೊಡುತ್ತಾರೆ ಎಂಬುದರ ಮೇಲೆ ನಾವು ಇಷ್ಟು ಒತ್ತು ಕೊಡುವುದು ಇದಕ್ಕಾಗಿ. ಉಳಿದ ಸೈನ್ಯ ತನ್ನ ಬೊಕ್ಕಸದಿಂದ ಉಣ್ಣುತ್ತಿದ್ದರೆ ಅದರ ಸರಕಾರಕ್ಕೆ ಪ್ರತಿ ತಿಂಗಳೂ ಹೊರಡಲು ಕಾರಣವಿರುತ್ತದೆ. ಆತಿಥೇಯ ನಾಡಿನ ಹಣದಲ್ಲಿ ಉಣ್ಣುತ್ತಿದ್ದರೆ ಉಳಿಯಲು ಕಾರಣವಿರುತ್ತದೆ, ಬಾಕಿ ಬಿದ್ದರೆ ಇನ್ನೂ ಹೆಚ್ಚು ಕಾರಣ.

ಇಂದಿನ ಕರಾರುಗಳನ್ನು ಇದೇ ಕಣ್ಣಿನಿಂದ

1972ರಲ್ಲಿ ಭಾರತ ಬಾಂಗ್ಲಾದೇಶದಿಂದ ಸೈನ್ಯ ತೆಗೆದ ಬಗೆ ಈ ಅಳತೆಗೆ ಚೆನ್ನಾಗಿ ನಿಲ್ಲುತ್ತದೆ. ಫೆಬ್ರುವರಿಯಲ್ಲಿ ಇಂದಿರಾ ಗಾಂಧಿ ಮತ್ತು ಶೇಖ್ ಮುಜಿಬುರ್ ರಹಮಾನ್ ಮಾರ್ಚ್ 25ರ ಗಡುವು ಘೋಷಿಸಿದರು; ಮಾರ್ಚ್ 12ರಂದು ಢಾಕಾದಲ್ಲಿ ಬೀಳ್ಕೊಡುಗೆ ಕವಾಯತು ನಡೆಯಿತು. ಕೇಳಿದ್ದು ಆ ನಾಡಿನ ನಾಯಕ, ದಿನಾಂಕ ಬಹಿರಂಗ, ಗಡುವಿಗೆ ಮೊದಲೇ ತೆರವು. 1987ರ ಜುಲೈ 29ರ ಶ್ರೀಲಂಕಾ ಒಪ್ಪಂದದಲ್ಲಿ ಭಾರತದ ಶಾಂತಿಪಡೆಗೆ ಹೊರಡುವ ದಿನಾಂಕವೇ ಇರಲಿಲ್ಲ, ಆಯುಧ ಕೆಳಗಿಡಬೇಕಿದ್ದ ತಮಿಳು ಬಂಡುಕೋರ ಸಂಘಟನೆ ಎಲ್‌ಟಿಟಿಇ ಸಹಿ ಹಾಕಿರಲಿಲ್ಲ. ಅಕ್ಟೋಬರ್‌ನಲ್ಲಿ ಶಾಂತಿಪಡೆಯೇ ಯುದ್ಧಕ್ಕಿಳಿಯಿತು. ಅಧ್ಯಕ್ಷ ಪ್ರೇಮದಾಸ ಹೊರಡಿ ಎಂದ ಮೇಲೂ ಕೊನೆಯ ತುಕಡಿ ಹೊರಟದ್ದು 1990ರ ಮಾರ್ಚ್ 24ರಂದು, ಸಾವಿರಕ್ಕೂ ಹೆಚ್ಚು ಭಾರತೀಯ ಸೈನಿಕರು ಸತ್ತ ಮೇಲೆ.

2020ರ ಫೆಬ್ರುವರಿ 29ರ ದೋಹಾ ಒಪ್ಪಂದ ಮಂಗಳೂರಿನದಕ್ಕೆ ಬಹಳ ಹತ್ತಿರ. ಅಲ್ಲೂ ಸೆರೆಯಾಳುಗಳು, ಅಲ್ಲೂ ಹಂತಹಂತದ ತೆರವು: 135 ದಿನಗಳಲ್ಲಿ ಅಮೆರಿಕದ ಸೈನ್ಯ 8,600ಕ್ಕೆ ಇಳಿಯಬೇಕು, 14 ತಿಂಗಳಲ್ಲಿ ಪೂರ್ತಿ ಹೋಗಬೇಕು, ತಾಲಿಬಾನಿನ 5,000 ಮಂದಿಗೆ ಬದಲಾಗಿ ಎದುರು ಪಕ್ಷದ 1,000 ಮಂದಿ ಬಿಡುಗಡೆಯಾಗಬೇಕು. ಆದರೆ ಆ 5,000 ಮಂದಿಯ ಕೀಲಿ ಇದ್ದದ್ದು ಅಫ್ಘಾನ್ ಸರಕಾರದ ಕೈಯಲ್ಲಿ, ಅದು ಒಪ್ಪಂದದ ಪಕ್ಷವೇ ಅಲ್ಲ. ಮಾರ್ಚ್ 10ಕ್ಕೆ ಆಗಬೇಕಿದ್ದ ಬಿಡುಗಡೆ ತಿಂಗಳುಗಟ್ಟಲೆ ಎಳೆಯಿತು. ತೆರವಿಗೆ ದಿನ ಎಣಿಸಿದ್ದರು. ತಾಲಿಬಾನ್ ಮತ್ತು ಅಫ್ಘಾನ್ ಸರಕಾರದ ನಡುವಿನ ರಾಜಿಗೆ ದಿನ ಎಣಿಸಿರಲಿಲ್ಲ. 2021ರ ಆಗಸ್ಟ್ 15ರಂದು ಕಾಬೂಲ್ ಬಿತ್ತು, 30ರಂದು ಕೊನೆಯ ವಿಮಾನ ಹೊರಟಿತು, ದುಭಾಷಿಗಳೂ ಕಚೇರಿ ನೌಕರರೂ ಸಾವಿರಗಟ್ಟಲೆ ಹಿಂದೆ ಉಳಿದರು. ಏಳನೇ ಕಲಮಿನ ಕೊರತೆ ಅಲ್ಲೂ ಹಾಗೆಯೇ ಇತ್ತು.

ಮೂರನೇ ಕಲಮನ್ನು ಇಂದು ಮತ್ತೆ ಬರೆಯುವುದಾದರೆ

ಹೊನ್ನಾವರ, ಕಾರವಾರ, ಸದಾಶಿವಗಡಗಳ ಪಡೆಗಳು ಏಪ್ರಿಲ್ 10ರೊಳಗೆ ಹಡಗು ಹತ್ತಬೇಕು. ಹವಾಮಾನದಿಂದ ತಡವಾದರೆ ಮೇ 15 ಕಟ್ಟಕಡೆಯ ದಿನ, ಆಮೇಲೆ ನೆಲದ ದಾರಿಯಿಂದ ಆಯುಧ ಮೂಟೆಕಟ್ಟಿ ಗಡಿವರೆಗೆ ನಡಿಗೆ. ಅಲ್ಲಿಯವರೆಗೆ ಪ್ರತಿ ಕೋಟೆಗೂ ವಾರಕ್ಕೆ ಎರಡು ಸಲ ಅಕ್ಕಿ, ಉಪ್ಪು, ಸೊಪ್ಪು, ನಿಂಬೆ. ತೂಕ ಮತ್ತು ದರ ಕರಾರಿನ ಹಿಂಬದಿಯಲ್ಲಿ ನಮೂದು, ಹಣ ಕೊಡುವುದು ಆ ಪಡೆಯೇ. ಶರಾವತಿ ಅಳಿವೆಯ ಎರಡೂ ದಡಗಳಿಂದ ತೋಪು ಹಿಂದಕ್ಕೆ. ಯಾರ ಪಡೆ ಎಲ್ಲಿದೆ ಎಂಬ ನಕಾಶೆಗೆ ಎರಡೂ ಪಕ್ಷದ ಸಹಿ, ಗೆರೆ ದಾಟಿದರೆ ಒತ್ತೆಯ ಕೋಟೆ ಅಷ್ಟು ದಿನ ತಡವಾಗಿ ಹಿಂದಕ್ಕೆ. ಸೆರೆಯಾಳುಗಳ ಹೆಸರುಪಟ್ಟಿ ಸಹಿಗೆ ಮೊದಲೇ ವಿನಿಮಯ, ಸತ್ತವರ ಹೆಸರೂ ಸೇರಿಸಿ. ಕೋಟೆ ಒಪ್ಪಿಸುವಾಗ ಇಬ್ಬರು ಸಾಕ್ಷಿಗಳು, ಆಯುಧವಿಲ್ಲದೆ, ಮುಂದಿನ ಒಂದು ವರ್ಷ ಅದೇ ಊರಿನಲ್ಲಿ ಇರತಕ್ಕದ್ದು. ಪರಸೈನ್ಯಕ್ಕೆ ದುಡಿದ, ಮಾರಿದ, ದಾರಿ ತೋರಿಸಿದ ಯಾವ ಪ್ರಜೆಯನ್ನೂ, ಜಾತಿ ಮತ ಅಂತಸ್ತು ಯಾವುದೇ ಇರಲಿ, ಆ ಕಾರಣಕ್ಕೆ ಹಿಡಿಯಕೂಡದು, ಸ್ಥಳಾಂತರಿಸಕೂಡದು. ಹೋಗಬಯಸುವ ಕುಟುಂಬಕ್ಕೆ ಹಡಗಿನಲ್ಲಿ ಜಾಗ, ಉಳಿಯಬಯಸುವವರಿಗೆ ಅವರ ಗದ್ದೆ ಮನೆಗಳ ಹಕ್ಕುಪತ್ರ ಆ ಇಬ್ಬರು ಸಾಕ್ಷಿಗಳ ರುಜುವಿನೊಂದಿಗೆ.